ಮೊಳೆಯಿಲ್ಲದ ಮನೆ

ಆ ನಡುಗಡ್ಡೆ ದೇವರು ಮಾಡಿದ್ದಲ್ಲ, ಇಲಾಖೆ ಮಾಡಿದ್ದು. ಮೊದಲು ಅಲ್ಲಿ ನದಿ ಮೊಣಕೈ ಮಡಚಿದ ಹಾಗೆ ತಿರುಗುತ್ತಿತ್ತು. ತಿರುವಿನ ತುಂಬ ಬಂಡೆಗಳು. ಸರಕು ಹೇರಿಕೊಂಡು ಬಂದ ದೋಣಿಗಳು ಅಲ್ಲಿಗೆ ಬಂದು ಹೊಟ್ಟೆ ಒಡೆದುಕೊಳ್ಳುತ್ತಿದ್ದವು. ಕೊನೆಗೆ ಯಾರೋ ದೊಡ್ಡವರು ನಕ್ಷೆಯ ಮೇಲೆ ಒಂದು ಗೆರೆ ಎಳೆದರು: ಇಷ್ಟು ದೂರ ಸುತ್ತುವುದೇಕೆ, ಮಧ್ಯೆ ನೇರವಾಗಿ ಒಂದು ಕಾಲುವೆ ತೋಡಿದರಾಯಿತು. ಗೆರೆಯ ಆಚೆ ಉಳಿದ ಮನೆಗಳವರನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಅವರು ಬೇಡ ಅನ್ನುತ್ತಿರಲಿಲ್ಲ, ಏಕೆಂದರೆ ತೋಡುವ ಕೂಲಿ ಸಿಕ್ಕಿದ್ದು ಅವರಿಗೇ. ಮುಂದೆ ಊರಿಗೆಲ್ಲ ಸೇತುವೆ ಅತ್ತೆಯಾದವಳ ತಾತ ಹಾರೆ ಹೊತ್ತುಕೊಂಡು ಹೋಗಿ, ಮೈ ಮುರಿದು ದುಡಿದು, ತನ್ನ ಮನೆಯನ್ನು ತಾನೇ ದಡದಿಂದ ಕತ್ತರಿಸಿ ಬಂದ. ನೀರು ಬಿಟ್ಟ ದಿನ ಎಲ್ಲರೂ ಚಪ್ಪಾಳೆ ಹೊಡೆದರು. ಚಪ್ಪಾಳೆ ಮುಗಿದ ಮೇಲೆ, ಈಗ ಮನೆಗೆ ಹೋಗೋದು ಹೇಗೆ ಅಂತ ಒಬ್ಬ ಕೇಳಿದನಂತೆ.

ಕಾಲುವೆ ಬಂದ ಮೇಲೆ ಆ ನೆಲದ ಆಕಾರವೇ ಬದಲಾಯಿತು. ತೋಡಿದ ಮಣ್ಣನ್ನೆಲ್ಲ ಆಚೆ ಬದಿಗೇ ಸುರಿದದ್ದರಿಂದ ಕಾಲುವೆಯ ಪಕ್ಕಕ್ಕೆ ಉದ್ದನೆಯ ದಿಬ್ಬ ಎದ್ದಿತು. ನೆರೆಗೆ ಹೆದರಿದವರು ಒಬ್ಬೊಬ್ಬರಾಗಿ ಬಂದು ಆ ದಿಬ್ಬದ ಮೇಲೆಯೇ ಮನೆ ಕಟ್ಟಿಕೊಂಡರು. ಹಾಗಾಗಿ ಅಲ್ಲಿ ಇರುವುದು ಒಂದೇ ಬೀದಿ, ಎಲ್ಲ ಮನೆಗಳ ಮುಖವೂ ಕಾಲುವೆಗೆ, ಬೆನ್ನು ನದಿಗೆ. ನೀರಿನ ಪಾಲು ಹಂಚಿಹೋದ ಮೇಲೆ ನದಿಗೂ ಸೋಮಾರಿತನ ಬಂತು. ತಿರುವಿನಲ್ಲಿ ಮರಳು ಬಿಟ್ಟು ಬಿಟ್ಟು ನಡುಗಡ್ಡೆಗೆ ಒಂದು ಬಾಲ ಬೆಳೆಯಿತು. ಬಾಲದ ಮೇಲೆ ತರಕಾರಿ ಬೆಳೆದರು. ಹಗ್ಗ ಹೊಸೆಯುವವರ ಒಂದು ಚಪ್ಪರ, ದೋಣಿ ರಿಪೇರಿಯ ಒಂದು ಶೆಡ್ಡು, ಬೀದಿಯ ತುದಿಗೆ ಸೇತುವೆ. ಇಷ್ಟೇ ಅವರ ಪ್ರಪಂಚ, ಇದರ ಬಗ್ಗೆ ಅವರಿಗೆ ಇದ್ದ ಜಂಬ ಮಾತ್ರ ಒಂದು ರಾಜಧಾನಿಗೆ ಸಾಲುವಷ್ಟು.

ಸೇತುವೆ ಅಂದರೆ ಸುಮ್ಮನೆ ಬಿದ್ದುಕೊಂಡಿರುವ ಸೇತುವೆಯಲ್ಲ, ತಿರುಗುವ ಸೇತುವೆ. ನಡುಗಡ್ಡೆಯ ಅಂಚಿನಲ್ಲಿ ದುಂಡನೆಯ ಕಲ್ಲಿನ ಕಂಬ, ಅದರ ಮೇಲೆ ಕಬ್ಬಿಣದ ಸೇತುವೆ. ದೋಣಿ ಬಂದಾಗ ಉದ್ದನೆಯ ಹಿಡಿಗೆ ಎದೆ ಕೊಟ್ಟು ಗಾಣದೆತ್ತಿನ ಹಾಗೆ ಸುತ್ತು ಹಾಕಬೇಕು. ಆಗ ಸೇತುವೆ ಮೆಲ್ಲನೆ ತಿರುಗಿ ದಿಬ್ಬಕ್ಕೆ ಒರಗಿಕೊಂಡು ನಿಲ್ಲುತ್ತಿತ್ತು. ಹಗಲಲ್ಲಿ ದೋಣಿ ಹೋದ ಮೇಲೆ ಮತ್ತೆ ದಡಕ್ಕೆ ಜೋಡಿಸಬೇಕು. ಕತ್ತಲಾಗುವ ಮುಂಚೆ ಒಮ್ಮೆ ತಿರುಗಿಸಿಬಿಟ್ಟರೆ ಬೆಳಗಿನವರೆಗೆ ಹಾಗೆಯೇ ಇರಬೇಕು, ಏಕೆಂದರೆ ದೊಡ್ಡ ದೋಣಿಗಳು ಬರುತ್ತಿದ್ದದ್ದು ರಾತ್ರಿ. ಅಂದರೆ ಕತ್ತಲಾಗುವಾಗ ದಡದಲ್ಲಿ ಉಳಿದವರು ದಡದಲ್ಲೇ.

ಅತ್ತೆಯ ಅಪ್ಪ ಈ ಸೇತುವೆಯ ಮೊದಲ ಕಾವಲುಗಾರ. ಯಾರು ಆಚೆ ಹೋದರು, ಯಾರು ಬಂದರು ಅಂತ ನೆನಪಿಟ್ಟುಕೊಳ್ಳಲು ಹೋಗಿ ಅವರಿಗೆ ತಲೆ ಕೆಟ್ಟುಹೋಯಿತು. ಒಂದು ಸಂಜೆ ಹಗ್ಗದ ಮನೆಯ ಯಜಮಾನನನ್ನು ದಡದಲ್ಲೇ ಬಿಟ್ಟು, ಮರುದಿನ ಅವನ ಹೆಂಡತಿಯಿಂದ ಸಹಸ್ರನಾಮ ಹೇಳಿಸಿಕೊಂಡ ಮೇಲೆ ಒಂದು ಉಪಾಯ ಮಾಡಿದರು. ಕಾವಲು ಮನೆಯ ಗೋಡೆಗೆ ಹಲಗೆ ಬಡಿದು, ಮನೆಗೊಂದು ಮೊಳೆ ಹೊಡೆದರು. ಆಚೆ ಹೋಗುವವರು ತಮ್ಮ ಮನೆಯ ಬೀಗದಕೈಯನ್ನು ತಮ್ಮ ಮೊಳೆಗೆ ನೇತುಹಾಕಿ ಹೋಗಬೇಕು, ಬಂದಾಗ ತೆಗೆದುಕೊಳ್ಳಬೇಕು. ಸಂಜೆ ಹಲಗೆಯ ಮೇಲೆ ಒಂದೇ ಒಂದು ಬೀಗದಕೈ ಇದ್ದರೂ ಸೇತುವೆ ತಿರುಗಿಸುವಂತಿಲ್ಲ. ಇದು ಕ್ರಮೇಣ ಎಷ್ಟು ಅಭ್ಯಾಸವಾಯಿತೆಂದರೆ, ಮನೆಗೆ ಬಾಗಿಲೇ ಸರಿಯಿಲ್ಲದ ಬೆಸ್ತರವನೊಬ್ಬ ಪೇಟೆಗೆ ಹೋಗಿ, ಬೀಗ ಬೇಡ, ಬೀಗದಕೈ ಮಾತ್ರ ಕೊಡಿ ಅಂತ ಅಂಗಡಿಯವನನ್ನು ಕಾಡಿದ.

ಕಾವಲು ಮನೆಗೆ ಮಾತ್ರ ಮೊಳೆ ಇರಲಿಲ್ಲ. ಕಾಯುವವರ ಮನೆಗೇ ಏಕೆ ಮೊಳೆ?

ಆ ಮನೆಯಲ್ಲಿ ತಾಯಿ ಬೇಗ ಹೋದಳು. ಅಪ್ಪ ತೀರಿಕೊಂಡಾಗ ಇಬ್ಬರು ಹೆಣ್ಣುಮಕ್ಕಳು ಉಳಿದರು. ದೊಡ್ಡವಳು ಆಗಲೇ ಅಪ್ಪನ ಬದಲಿಗೆ ಹಿಡಿ ತಳ್ಳುತ್ತಿದ್ದಳು. ಇಲಾಖೆಯವರು ಹೆಂಗಸಿಗೆ ಈ ಕೆಲಸವೇ ಅಂತ ಮೂಗು ಮುರಿದರು. ಸರಿ, ನೀವೇ ಒಂದು ಸುತ್ತು ತಳ್ಳಿ ಅಂದಳು. ಬಂದಿದ್ದ ಗುಮಾಸ್ತರು ಶರಟಿನ ತೋಳು ಮಡಚಿ ತಳ್ಳಿದರು, ಏದುಸಿರು ಬಿಟ್ಟರು, ನೀರು ಕೇಳಿದರು. ಕೆಲಸ ಇವಳಿಗೇ ಆಯಿತು. ಅಂದಿನಿಂದ ಅವಳು ಊರಿಗೆಲ್ಲ ಅತ್ತೆ. ಅಣ್ಣನಿಲ್ಲ, ತಮ್ಮನಿಲ್ಲ, ಮದುವೆಯೂ ಆಗಲಿಲ್ಲ, ಆದರೂ ಬೀದಿಯ ಮಕ್ಕಳು ಮುದುಕರು ಎಲ್ಲರಿಗೂ ಅತ್ತೆ. ಬಾಯಿ ಅಂಥದ್ದು. ಸಂಜೆ ತಡವಾಗಿ ಬಂದವರು ಸೇತುವೆ ದಾಟುವಷ್ಟರಲ್ಲಿ ಅವರ ವಂಶದ ಕಥೆಯನ್ನೆಲ್ಲ ಕೇಳಿ ಮುಗಿಸಿರುತ್ತಿದ್ದರು. ಆದರೆ ತಡವಾಯಿತೆಂದು ಒಬ್ಬರನ್ನೂ ಆಚೆ ಬಿಟ್ಟವಳಲ್ಲ. ದೋಣಿಯವರು ಎಷ್ಟು ಕೂಗಾಡಿದರೂ, ಹಲಗೆ ಖಾಲಿಯಾಗದೆ ಹಿಡಿ ಮುಟ್ಟುತ್ತಿರಲಿಲ್ಲ.

ತಂಗಿ ಬೇರೆಯದೇ ಸ್ವಭಾವ. ಮಾತು ಕಡಿಮೆ, ಬೆರಳು ಚುರುಕು. ದಡದ ಬೀದಿಯಲ್ಲಿ ವಯಸ್ಸಾದ ದರ್ಜಿಯಮ್ಮ ಒಬ್ಬರಿದ್ದರು. ಅವರ ಹತ್ತಿರ ಹೊಲಿಗೆ ಕಲಿಯಬೇಕೆಂದು ತಂಗಿಗೆ ಆಸೆ. ಅಕ್ಕನಿಗೆ ಸಿಟ್ಟು. ಮನೆಯಲ್ಲಿ ಇರುವವರೇ ಇಬ್ಬರು, ಅದರಲ್ಲಿ ಒಬ್ಬಳು ದಿನವಿಡೀ ಆಚೆ ಹೋದರೆ ಏನು ಉಳಿಯಿತು? ಇದನ್ನು ಹೀಗೆಯೇ ಹೇಳಿದ್ದರೆ ಮುಗಿಯುತ್ತಿತ್ತು. ಅತ್ತೆಗೆ ಪ್ರೀತಿಯ ಮಾತೂ ಬೈಗುಳದ ದಾರಿಯಲ್ಲೇ ಬರಬೇಕು. ಆ ಬೆಳಿಗ್ಗೆ ಮಾತಿಗೆ ಮಾತು ಬೆಳೆಯಿತು.

"ನಾನೇನು ನಿನ್ನ ಸೇತುವೆನಾ ಅಕ್ಕ, ನೀನು ತಿರುಗಿಸಿದ ಕಡೆ ತಿರುಗೋಕೆ?" ಅಂದಳು ತಂಗಿ.

"ಹೋಗು! ಹೋಗಿ ಅಲ್ಲೇ ಬಿದ್ದಿರು, ಇಲ್ಲಿ ಯಾರೂ ನಿನಗೋಸ್ಕರ ಕಾಯ್ತಾ ಕೂತಿಲ್ಲ," ಅಂದಳು ಅಕ್ಕ.

ತಂಗಿ ಸೇತುವೆ ದಾಟುವಾಗ ಅತ್ತೆ ಕಂಬದ ಹತ್ತಿರ ಕೂತು ಚಕ್ರಕ್ಕೆ ಗ್ರೀಸ್ ಹಚ್ಚುತ್ತಿದ್ದಳು. ತಲೆಯ ಮೇಲೆ ಹೆಜ್ಜೆ ಸಪ್ಪಳ ಕೇಳಿತು. ಬೇಕೆಂದೇ ತಲೆ ಎತ್ತಲಿಲ್ಲ.

ಮಧ್ಯಾಹ್ನ ಕಳೆಯುವಷ್ಟರಲ್ಲಿ ನೀರಿನ ಬಣ್ಣ ಬದಲಾಯಿತು. ಮೇಲಿನ ಊರುಗಳಲ್ಲಿ ಮಳೆ ಸುರಿದು ನದಿ ಉಬ್ಬಿ ಬರುತ್ತಿತ್ತು. ಇಲಾಖೆಯ ಜವಾನ ಸೈಕಲ್ ಮೇಲೆ ದಡಕ್ಕೆ ಬಂದು, ಬೇಗ ತಿರುಗಿಸಿ, ಮರದ ದಿಮ್ಮಿಗಳು ತೇಲಿ ಬರ್ತಿವೆ, ಬಡಿದ್ರೆ ಸೇತುವೆ ಉಳಿಯಲ್ಲ ಅಂತ ಕೂಗಿದ. ದಡದಲ್ಲಿದ್ದವರೆಲ್ಲ ಎದ್ದೆವೋ ಬಿದ್ದೆವೋ ಅಂತ ಓಡಿ ಬಂದರು. ಒಬ್ಬೊಬ್ಬರೂ ಹಲಗೆಗೆ ಕೈ ಹಾಕಿ ತಮ್ಮ ಬೀಗದಕೈ ಕಿತ್ತುಕೊಂಡು ಹೋದರು. ಅತ್ತೆ ಹೆಸರು ಹಿಡಿದು ಎಲ್ಲರನ್ನೂ ಕೂಗಿದಳು. ಬೆಸ್ತರವನ ಬೀಗದಕೈ ಇನ್ನೂ ನೇತಾಡುತ್ತಿತ್ತು. ಅವನಿಗಾಗಿ ನೀರು ಸೇತುವೆಯ ಹೊಟ್ಟೆ ಮುಟ್ಟುವವರೆಗೆ ಕಾದಳು. ಅವನೂ ಬಂದ. ಹಲಗೆ ಖಾಲಿಯಾಯಿತು. ಇಬ್ಬರು ಗಂಡಸರು ಕೈ ಜೋಡಿಸಿದರು, ಸೇತುವೆ ತಿರುಗಿತು. ಒಬ್ಬರನ್ನೂ ಬಿಡದೆ ಉಳಿಸಿದಳು ಅಂತ ಬೀದಿಗೆ ಬೀದಿಯೇ ಅತ್ತೆಯನ್ನು ಹೊಗಳಿತು. ಅತ್ತೆ ಬೀಗುತ್ತ ಮನೆಗೆ ಬಂದು, ಒಲೆ ಹಚ್ಚಿ, ಅನ್ನ ಮಾಡಿ, ಎರಡು ತಟ್ಟೆ ಹಾಕಿ, "ಬಾರೇ ಊಟಕ್ಕೆ, ಸಿಟ್ಟು ಸಾಕು" ಅಂತ ಒಳಕೋಣೆಯ ಕಡೆ ತಿರುಗಿ ಕೂಗಿದಳು.

ಒಳಕೋಣೆ ಖಾಲಿಯಿತ್ತು.

ಓಡಿ ಬಂದು ದಿಬ್ಬದ ಮೇಲೆ ನಿಂತಳು. ಆಚೆ ದಡದಲ್ಲಿ, ದರ್ಜಿಯಮ್ಮನ ಅಂಗಡಿಯ ದೀಪದ ಬೆಳಕಿನಲ್ಲಿ, ತಂಗಿ ನಿಂತಿದ್ದಳು. ಅತ್ತೆ ಗಂಟಲು ಹರಿಯುವಂತೆ ಕೂಗಿದಳು. ನೀರಿನ ಅಬ್ಬರಕ್ಕೆ ತನ್ನ ಕೂಗು ತನಗೇ ಕೇಳಿಸಲಿಲ್ಲ. ಹಿಡಿಗೆ ಎದೆ ಕೊಟ್ಟಳು, ಸೇತುವೆ ಕೂದಲೆಳೆಯಷ್ಟೂ ಅಲುಗಲಿಲ್ಲ. ತಂಗಿ ಸ್ವಲ್ಪ ಹೊತ್ತು ನೋಡಿ ಒಳಗೆ ಹೋದಳು.

ನೀರು ಇಳಿದು ಸೇತುವೆ ಮತ್ತೆ ದಡ ಮುಟ್ಟಿದರೂ ತಂಗಿ ಬರಲಿಲ್ಲ. ಬಟ್ಟೆಬರೆ ಕಳಿಸಿಕೊಡಲು ಹಗ್ಗದಕ್ಕನ ಹತ್ತಿರ ಹೇಳಿಕಳಿಸಿದಳು. ಹಗ್ಗದಕ್ಕ ಅಂದರೆ ಹಗ್ಗದ ಮನೆಯ ಸೊಸೆ, ಇಬ್ಬರಿಗೂ ಬೇಕಾದವಳು. ಆ ಸೇತುವೆ ಮೇಲೆ ಇನ್ನು ಕಾಲಿಡಲ್ಲ ಅಂದಳಂತೆ ತಂಗಿ. ಊರವರಿಗೆ ಅರ್ಥ ಸ್ಪಷ್ಟವಾಯಿತು: ಬೆಳಿಗ್ಗೆ ಅಲ್ಲೇ ಬಿದ್ದಿರು ಅಂದಿದ್ದು ಎಲ್ಲರ ಕಿವಿಗೂ ಬಿದ್ದಿತ್ತು, ಸಂಜೆ ಸೇತುವೆ ತಿರುಗಿದ್ದನ್ನು ಎಲ್ಲರೂ ನೋಡಿದ್ದರು. ಅಕ್ಕ ಬೇಕೆಂದೇ ಆಚೆ ಬಿಟ್ಟಳು ಅಂತ ತಂಗಿ ತಿಳಿದುಕೊಂಡಿದ್ದಾಳೆ. ಅತ್ತೆಯೂ ಹಾಗೆಯೇ ತಿಳಿದಳು.

"ಹಗ್ಗದಕ್ಕ, ನೀನೇ ಹೇಳು ಅವಳಿಗೆ. ನಂಗೆ ಗೊತ್ತೇ ಆಗ್ಲಿಲ್ಲ ಅಂತ ಹೇಳು. ಹಲಗೆ ಖಾಲಿ ಇತ್ತು, ಎಲ್ರೂ ಒಳಗಿದ್ದಾರೆ ಅಂತಾನೇ ನಾನು ತಿರುಗಿಸಿದ್ದು ಅಂತ ಹೇಳು."

ಹಗ್ಗದಕ್ಕ ಹೋಗಿ ಹೇಳಿ ಬಂದಳು.

"ಏನಂದ್ಲು?"

"ಕೇಳಿಸ್ಕೊಂಡ್ಲು ಅತ್ತೆ. ದಾರ ಕಚ್ಚಿ ತುಂಡು ಮಾಡಿದ್ಲು, ಇನ್ನೊಂದು ಬಟ್ಟೆ ಕೈಗೆತ್ಕೊಂಡ್ಲು."

ವರ್ಷಗಳು ಹೋದವು. ಅತ್ತೆ ಅದೇ ಮಾತನ್ನು ಬೇರೆ ಬೇರೆಯವರ ಬಾಯಲ್ಲಿ ಕಳಿಸಿದಳು. ಬೆಸ್ತರವನ ಕೈಲಿ ಹೇಳಿಸಿದಳು, ಇಲಾಖೆಯ ಜವಾನನನ್ನು ಸಾಕ್ಷಿಗೆ ಕಳಿಸಿದಳು. ನಂಗೆ ಗೊತ್ತಾಗ್ಲಿಲ್ಲ, ನಂಗೆ ಗೊತ್ತಾಗ್ಲಿಲ್ಲ. ತಂಗಿ ಮದುವೆಯಾದಳು, ಗಂಡ ಲಾರಿ ಡ್ರೈವರು, ಒಳ್ಳೆಯವನು. ಆ ದಿನ ಅತ್ತೆ ಇದ್ದ ಒಳ್ಳೆಯ ಸೀರೆ ಉಟ್ಟು ಸೇತುವೆಯ ಅರ್ಧದವರೆಗೆ ಹೋದಳು, ಕರೆಯದೆ ಹೋಗುವುದು ಹೇಗೆ ಅಂತ ನಿಂತಳು. ಅಷ್ಟರಲ್ಲಿ ಯಾವುದೋ ದೋಣಿ ಬಂತು. ವಾಪಸು ಬಂದು, ಆ ಸೀರೆಯಲ್ಲೇ ಹಿಡಿ ತಳ್ಳಿದಳು. ದರ್ಜಿಯಮ್ಮ ಹೋದ ಮೇಲೆ ಅಂಗಡಿ ತಂಗಿಯದಾಯಿತು. ಅತ್ತೆಯ ಬಾಗಿಲಲ್ಲಿ ಕೂತರೆ ಅಂಗಡಿಯ ಬಾಗಿಲು ಕಾಣುತ್ತಿತ್ತು. ಮಿಷನ್ನಿನ ಮೇಲೆ ಬಗ್ಗಿದ ತಲೆ ಕಪ್ಪಗಿದ್ದದ್ದು ಬೆಳ್ಳಗಾಗುವುದನ್ನು ಅತ್ತೆ ಕಾಲುವೆಯ ಈಚೆಯಿಂದ ನೋಡಿದಳು. ತಾನು ಏನಾದರೂ ಕೊಳ್ಳಲು ದಡಕ್ಕೆ ಹೋದರೆ ಆ ಬೀದಿ ಬಿಟ್ಟು ಹಿಂದಿನ ಓಣಿಯಲ್ಲಿ ಸುತ್ತಿಕೊಂಡು ಹೋಗುತ್ತಿದ್ದಳು. ಇಡೀ ಜೀವನದಲ್ಲಿ ಅವಳಿಗೆ ಬೇಕಾಗಿದ್ದದ್ದು ಒಂದೇ, ತಂಗಿ ಒಮ್ಮೆ ಮನೆಗೆ ಬರಬೇಕು. ಇದನ್ನು ಅವಳು ಯಾರಿಗೂ ಹೇಳಲಿಲ್ಲ, ಹೇಳಬೇಕಾದ ಅಗತ್ಯವೂ ಇರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಈ ನಡುವೆ ಕಾಲುವೆಗೂ ವಯಸ್ಸಾಯಿತು. ಸರಕೆಲ್ಲ ಲಾರಿ ಹತ್ತಿತು. ದೋಣಿಗಳು ಅಪರೂಪವಾದವು, ಆಮೇಲೆ ಇಲ್ಲವೇ ಆದವು. ನೀರು ಪಾಚಿಗಟ್ಟಿ ಸೊಳ್ಳೆಗಳಿಗೆ ತವರುಮನೆಯಾಯಿತು. ಅತ್ತೆಯ ನೌಕರಿ ಮುಗಿದಿತ್ತು, ಆದರೂ ಆಗಾಗ ಒಮ್ಮೆ ಸೇತುವೆಯನ್ನು ಸುಮ್ಮನೆ ತಿರುಗಿಸಿ ಮತ್ತೆ ಜೋಡಿಸುತ್ತಿದ್ದಳು. ಏಕೆ ಅಂದರೆ, ಕೀಲು ಹಿಡ್ಕೊಳ್ಳುತ್ತೆ, ಸೇತುವೇದೂ ನಂದೂ ಅನ್ನುತ್ತಿದ್ದಳು. ಕೊನೆಗೆ ಇಲಾಖೆ ಹೊಸದೊಂದು ನಕ್ಷೆ ತಂದಿತು. ಕಾಲುವೆ ಮುಚ್ಚುವುದು, ಸೇತುವೆ ತೆಗೆಯುವುದು.

ಬೀದಿಯವರು ತಲೆ ಮೇಲೆ ಕೈ ಹೊತ್ತು ಕೂತರು. ರಾಜಧಾನಿಯ ಜಂಬ ಹೋಯಿತಲ್ಲ, ನಾಳೆಯಿಂದ ಇದೂ ಎಲ್ಲ ಬೀದಿಗಳ ಹಾಗೆ ಒಂದು ಬೀದಿ. ಸೇತುವೆ ಅತ್ತೆ ಎದೆ ಬಡಿದುಕೊಳ್ಳುತ್ತಾಳೆ, ಲಾರಿಯ ಮುಂದೆ ಮಲಗುತ್ತಾಳೆ ಅಂತ ಎಲ್ಲರೂ ಕಾದರು. ಅತ್ತೆ, "ಮುಚ್ಚಲಿ ಬಿಡಿ, ಬೇಗ ಮುಚ್ಚಲಿ" ಅಂದುಬಿಟ್ಟಳು. ಮಣ್ಣು ತುಂಬಿದ ಲಾರಿಗಳು ಬಂದಾಗ ಡ್ರೈವರುಗಳಿಗೆ ತಾನೇ ಚಹಾ ಮಾಡಿ ಕೊಟ್ಟಳು. ಗ್ಯಾಸ್ ಕಟ್ಟರಿನವರು ತನ್ನ ಸೇತುವೆಯನ್ನು ತುಂಡು ತುಂಡು ಮಾಡುವಾಗ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು, ಅದು ಬೇರೆ ಮಾತು. ಆದರೆ ಸಂಜೆ ಹೊರಗೆ ಬಂದಾಗ ಮುಖ ಸಪ್ಪಗಿರಲಿಲ್ಲ.

ಅವಳ ಲೆಕ್ಕಾಚಾರ ಹಗ್ಗದಕ್ಕನಿಗೆ ಮಾತ್ರ ಹೊಳೆಯಿತು. ಆ ಸೇತುವೆ ಮೇಲೆ ಕಾಲಿಡಲ್ಲ ಅಂದಿದ್ದಳಲ್ಲ ತಂಗಿ. ಈಗ ಸೇತುವೆ ಎಲ್ಲಿದೆ? ಮಾತೂ ಮುರಿಯುವುದಿಲ್ಲ, ಮರ್ಯಾದೆಯೂ ಹೋಗುವುದಿಲ್ಲ, ನೆಟ್ಟಗೆ ಮಣ್ಣಿನ ಮೇಲೆ ನಡೆದು ಬರಬಹುದು.

ಅತ್ತೆ ಮನೆಗೆ ಸುಣ್ಣ ಬಳಿದಳು. ಮಂಚಕ್ಕೆ ಹೊಸ ಹೊದಿಕೆ ಬಂತು. ಮಣ್ಣನ್ನು ರೋಲರ್ ಹಾಕಿ ಸಮ ಮಾಡಿದ ಮರುದಿನ ಬೆಳಿಗ್ಗೆಯೇ ಸ್ನಾನ ಮಾಡಿ, ತಲೆ ಬಾಚಿ, ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಳು. ನೀರು ಹರಿಯುತ್ತಿದ್ದ ಜಾಗದಲ್ಲಿ ಹುಡುಗರು ಚೆಂಡು ಆಡಿದರು. ಒಂದು ಹಸು ಯಾರನ್ನೂ ಕೇಳದೆ ಈ ಕಡೆಯಿಂದ ಆ ಕಡೆ ಹೋಯಿತು. ಜೀವನದಲ್ಲಿ ನಡುಗಡ್ಡೆಗೆ ಕಾಲಿಡದ ಪೇಟೆಯವರೂ ಬಂದು, ಓ, ಇಷ್ಟೇನಾ ಅಂತ ನೋಡಿಕೊಂಡು ಹೋದರು. ಅಂಗಡಿಯ ಬಾಗಿಲಲ್ಲಿ ಆ ಬಿಳಿಯ ತಲೆ ಮಾತ್ರ ಮೇಲೇಳಲಿಲ್ಲ. ಮರುದಿನವೂ ಇಲ್ಲ. ಆ ವಾರ ಕಳೆಯಿತು, ಹೊಸ ಮಣ್ಣಿನ ಮೇಲೆ ಹುಲ್ಲೂ ಚಿಗುರಿತು.

ಒಂದು ಮಧ್ಯಾಹ್ನ ಅತ್ತೆಯ ತಾಳ್ಮೆ ಕಟ್ಟೆಯೊಡೆಯಿತು.

"ನೋಡಿದ್ಯಾ ಹಗ್ಗದಕ್ಕ ಅವಳ ಕೊಬ್ಬು? ಈಗ ಯಾವ ಸೇತುವೆ ಅಡ್ಡ ಇದೆಯಂತೆ ಅವಳಿಗೆ?"

ಹಗ್ಗದಕ್ಕ ನಾರು ಬಿಡಿಸುತ್ತಿದ್ದವಳು ತಲೆಯೆತ್ತದೆ, "ನಿಮಗೆ ಯಾವುದು ಅಡ್ಡ ಇದೆ ಅತ್ತೆ?" ಅಂದಳು.

ಅತ್ತೆ ಅಂಗಡಿಯ ಕಡೆ ನೋಡಿದಳು. ಇಷ್ಟು ದಿನ ನಡುವೆ ನೀರಿತ್ತು. ಎಲ್ಲ ತಪ್ಪನ್ನೂ ಅದರ ಮೇಲೆ ಹೊರಿಸಿ ನೆಮ್ಮದಿಯಾಗಿ ಕೂರಬಹುದಾಗಿತ್ತು. ಈಗ ನಡುವೆ ಹುಡುಗರು ಚೆಂಡಾಡುವಷ್ಟು ಬಯಲು. ಅತ್ತೆ ಎದ್ದಳು, ಚಪ್ಪಲಿ ಮೆಟ್ಟಿಕೊಂಡಳು. ಬೇರೆ ಸೀರೆ ಉಡಲಿಲ್ಲ, ಉಡಲು ನಿಂತರೆ ಮನಸ್ಸು ಬದಲಾದೀತೆಂಬ ಭಯ. ಮೆತ್ತನೆಯ ಮಣ್ಣಿನಲ್ಲಿ ಹೆಜ್ಜೆ ಹೂಳುತ್ತ ಹೋಗಿ ಅಂಗಡಿಯ ಮೆಟ್ಟಿಲು ಹತ್ತಿದಳು.

ಒಳಗೆ ಇಕ್ಕಟ್ಟು. ಗೋಡೆಯ ತುಂಬ ಹೊಲಿದಿಟ್ಟ ಬಟ್ಟೆಗಳು, ನೆಲದ ಮೇಲೆ ಕತ್ತರಿಸಿದ ಚೂರುಗಳು, ಮಿಷನ್ ಎಣ್ಣೆಯ ವಾಸನೆ. ತಂಗಿ ಕನ್ನಡಕದ ಮೇಲಿಂದ ನೋಡಿದಳು. ಚಕ್ರ ನಿಂತಿತು.

ಅತ್ತೆ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದನ್ನು ಒಂದೇ ಉಸಿರಿಗೆ ಸುರಿದಳು. "ಈಗಲಾದ್ರೂ ನಂಬೇ. ಬೇಕಂತ ಮಾಡ್ಲಿಲ್ಲ ನಾನು. ಆವತ್ತು ಸಿಟ್ಟಲ್ಲಿ ಏನೋ ಅಂದೆ, ಆದ್ರೆ ನಿನ್ನ ಬಿಟ್ಟು ತಿರುಗಿಸೋಷ್ಟು ಪಾಪಿನಾ ನಾನು? ನೀನು ಆಚೆ ಇದ್ದೀಯ ಅಂತ ನಂಗೆ ಗೊತ್ತೇ ಆಗ್ಲಿಲ್ಲ ಕಣೇ! ಎಷ್ಟು ಸಲ ಹೇಳಿಕಳ್ಸಿದೀನಿ, ಗೊತ್ತಾಗ್ಲಿಲ್ಲ, ಗೊತ್ತಾಗ್ಲಿಲ್ಲ ಅಂತ..."

"ಬೇಕಂತ ಮಾಡ್ದೆ ಅಂತ ಯಾರಂದ್ರು?" ಅಂದಳು ತಂಗಿ.

ಅತ್ತೆ ಬೀದಿಯ ಕಡೆ ಕೈ ತೋರಿಸಿದಳು.

"ನಾನು ಒಂದಿನಾನೂ ಹಾಗೆ ಅಂದ್ಕೊಂಡಿಲ್ಲ ಅಕ್ಕ. ನೀನು ಬೈತೀಯ, ಕೇಡು ಮಾಡೋಳಲ್ಲ ಅಂತ ನಂಗೆ ಗೊತ್ತಿಲ್ವಾ? ಬೇಕಂತ ಮಾಡಿದ್ರೆ ಜಗಳ ಆಡಿ ಮುಗಿಸ್ಬಹುದಿತ್ತು." ತಂಗಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. "ಆವತ್ತು ನಾನು ಈ ದಡದಲ್ಲಿ ನಿಂತು ನೋಡ್ತಾನೇ ಇದ್ದೆ. ನೀನು ಎಲ್ರ ಹೆಸರೂ ಕೂಗ್ದೆ. ಇಷ್ಟೊತ್ತಿಗೆ ನನ್ನ ಕೂಗ್ತೀಯ, ಈಗ ಕೂಗ್ತೀಯ ಅಂತ ಕಾದೆ. ಕೂಗಿದ್ರೆ ಓಡಿ ಬರೋಣ ಅಂತ ಚಪ್ಪಲಿ ಕೈಯಲ್ಲಿ ಹಿಡ್ಕೊಂಡಿದ್ದೆ. ಆ ಬೆಸ್ತರವನಿಗೆ ಅಷ್ಟೊತ್ತು ಕಾದೆ. ಮನೇಲಿರೋದು ಇಬ್ರೇ, ಅದ್ರಲ್ಲಿ ಒಬ್ಳಿಲ್ಲ ಅಂತ ನಿಂಗೆ ಗೊತ್ತೇ ಆಗ್ಲಿಲ್ವಲ್ಲ. ಆಮೇಲೆ ವರ್ಷ ವರ್ಷ ಅದನ್ನೇ ಹೇಳಿಕಳ್ಸಿದೆ. ಗೊತ್ತಾಗ್ಲಿಲ್ಲ ಅಂತೆ, ಗೊತ್ತಾಗ್ಲಿಲ್ಲ ಅಂತೆ. ಪ್ರತಿ ಸಲ ಯಾರಾದ್ರೂ ಬಂದು ಆ ಮಾತು ಹೇಳ್ದಾಗ ನಂಗೆ ಹೇಗಾಗ್ತಿತ್ತು ಗೊತ್ತಾ?"

ಇಷ್ಟು ವರ್ಷ ಗುರಾಣಿಯ ಹಾಗೆ ಹಿಡಿದುಕೊಂಡಿದ್ದ ಮಾತಿನಿಂದಲೇ ತಂಗಿಯನ್ನು ಚುಚ್ಚುತ್ತ ಬಂದಿದ್ದೆ ಅಂತ ಅತ್ತೆಗೆ ಆಗ ಅರ್ಥವಾಯಿತು. ಗಿರಾಕಿಗಳಿಗೆ ಇಟ್ಟಿದ್ದ ಸ್ಟೂಲಿನ ಮೇಲೆ ಕೂತಳು. ಸಮರ್ಥನೆಗೆ ಒಂದು ಮಾತೂ ಹುಡುಕಲಿಲ್ಲ.

"ಹೌದು ಕಣೇ," ಅಂದಳು. "ನೋಡ್ಲಿಲ್ಲ. ಊರವರನ್ನೆಲ್ಲ ನೋಡ್ದೆ, ನಿನ್ನ ನೋಡ್ಲಿಲ್ಲ. ನೀನು ಇದ್ದೇ ಇರ್ತೀಯ ಅಂದ್ಕೊಂಡ್ಬಿಟ್ಟಿದ್ದೆ."

ತಂಗಿ ಕನ್ನಡಕ ಮತ್ತೆ ಹಾಕಿಕೊಂಡಳು. ಹೊರಗೆ ಹುಡುಗರ ಗಲಾಟೆ ಕೇಳುತ್ತಿತ್ತು.

"ಇದನ್ನೇ ಆವತ್ತು ಹೇಳಿಕಳ್ಸಿದ್ರೆ," ಅಂದಳು, "ಆವತ್ತೇ ಬಂದ್ಬಿಡ್ತಿದ್ದೆನಲ್ಲ ಅಕ್ಕ."

ಅತ್ತೆಗೆ ತಡೆಯಲಾಗಲಿಲ್ಲ. ದೋಣಿಯವರನ್ನೂ ಇಲಾಖೆಯವರನ್ನೂ ನಡುಗಿಸಿದ ಹೆಂಗಸು ಮಿಷನ್ನಿನ ಹಲಗೆಗೆ ತಲೆಯಿಟ್ಟು ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು. ತಂಗಿ ಎದ್ದು ಬಂದು, ಒಂದು ಕೈಯಲ್ಲಿ ಅಕ್ಕನ ತಲೆ ಎತ್ತಿ ತನ್ನ ಹೊಟ್ಟೆಗೆ ಒತ್ತಿಕೊಂಡಳು, ಇನ್ನೊಂದು ಕೈಯಲ್ಲಿ ಕೆಳಗಿದ್ದ ರೇಷ್ಮೆ ಬಟ್ಟೆಯನ್ನು ಮೆಲ್ಲನೆ ಆಚೆಗೆ ಎಳೆದಳು.

"ಇಲ್ಲಿ ಅಳು," ಅಂದಳು. "ಅದು ಗಿರಾಕೀದು, ಕಲೆಯಾಗುತ್ತೆ."